ಮೇಸ್ತ್ರಿ ಲೆಕ್ಕದಲ್ಲಿ ಎಷ್ಟು ಮುರ್ಕೋಬೇಕು?

ಹೋದ ವಾರ ಮಧುಗಿರಿಯಿಂದ ನಮ್ಮ ನಾದಿನಿ ಫೋನ್ ಮಾಡಿದ್ಲು. ಅವಳ ಮನೆ ಕೆಲಸ ಮುಗೀತಾ ಬಂದೈತೆ. "ಅತ್ತಿಗೆ, ಬಚ್ಚಲು ಮನೆ ನೀರು ಜಾಲರಿ ಕಡೆಗೆ ಹರಿಯಲ್ಲ, ಮೂಲೇಲಿ ನಿಲ್ತೈತೆ. ಅಡುಗೆ ಮನೆ ಟೈಲ್ಸು ಒಂದು ಸಾಲು ವಾರೆ ಕೂತೈತೆ. ಮೇಸ್ತ್ರಿ ಕೊನೇ ಕಂತು ಕೇಳ್ತಾವ್ರೆ. ನಮ್ಮ ಮನೆಯವ್ರು ಒಂದು ಪೈಸಾನೂ ಕೊಡಬ್ಯಾಡ ಅಂತಾವ್ರೆ. ನೀವೇನಂತೀರ?" ಅಂತ ಕೇಳಿದ್ಲು.

ಅವಳು ಕೇಳ್ತಿದ್ದಂಗೇ ನಾನು ತಲೆ ಎತ್ತಿ ನಮ್ಮ ನಡುಮನೆ ಚಾವಣಿ ನೋಡಿದೆ. ಅಲ್ಲಿ ರೊಟ್ಟಿ ಅಗಲದ ಒಂದು ಕಂದು ಕಲೆ ಐತೆ. ಎರಡು ಸಲ ಬಣ್ಣ ಹೊಡೆಸಿದ್ರೂ ಮಸುಕಾಗಿ ಕಾಣ್ತಾನೇ ಇರುತ್ತೆ. ಆ ಕಲೆ ಸಲುವಾಗಿ ನಾವು ಒಬ್ಬ ಮೇಸ್ತ್ರಿಗೆ ಕೊಡಬೇಕಾದ 40,000 ರೂಪಾಯಿ ಹಿಡಕಂಡು ಕೂತಿದ್ವಿ. ನಾವು ಮಾಡಿದ್ದು ಸರಿಯಾ ತಪ್ಪಾ ಅಂತ ತಿಳ್ಕೊಳ್ಳೋಕೆ ಹೋಗಿ ನಾನು ಕಾನೂನು ಪುಸ್ತಕ, ಇತಿಹಾಸದ ಪುಸ್ತಕ ಎಲ್ಲಾ ತಡಕಾಡಿದೆ. ಪಿಯುಸಿ ಮುಗಿಸಿ ಮದುವೆ ಆದ ಮೇಲೆ ಅಷ್ಟು ಓದಿದ್ದು ಅದೇ ಮೊದಲು. ನಾದಿನಿಗೆ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತೀನಿ. ಮನೆ ಕಟ್ಟಿಸ್ತಿರೋರಿಗೆ ಉಪಯೋಗ ಆದೀತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಎರಡರಲ್ಲೂ ಕೊನೇಗೆ ಉಳಿಯೋದು ಲೆಕ್ಕದ ಜಗಳಾನೇ. ಮದುವೇಲಿ ಬೀಗರ ಜೊತೆ, ಮನೇಲಿ ಮೇಸ್ತ್ರಿ ಜೊತೆ.

ನಾನು ಹುಟ್ಟಿದ್ದು ಪಾವಗಡದ ಕಡೆ ಹಳ್ಳೀಲಿ, ಮಾಳಿಗೆ ಮನೇಲಿ. ಕಲ್ಲು ಮಣ್ಣಿನ ಗೋಡೆ, ಅದರ ಮೇಲೆ ತೊಲೆ, ಜಂತೆ, ಸೊಪ್ಪು, ಮಣ್ಣು, ಕೊನೇಗೆ ಚೌಳು ಮಣ್ಣು. ಚೌಳು ಮಣ್ಣು ನೀರು ಕುಡಿಯಲ್ಲ ಅಂತ ಅದನ್ನೇ ಹುಡುಕ್ಕಂಡು ಹೋಗಿ ಗಾಡೀಲಿ ತರ್ತಿದ್ರು. ಮಳೆಗಾಲಕ್ಕೆ ಮುಂಚೆ ವರ್ಷಾ ವರ್ಷಾ ಮಾಳಿಗೆ ಹತ್ತಿ ಮಣ್ಣು ಹಾಕಿ ತುಳೀಬೇಕಿತ್ತು. ಆದ್ರೂ ಸೋರೋದು. ಸೋರೋ ಕಡೆ ಅವ್ವ ಪಾತ್ರೆ ಇಡೋಳು, ನಾವು ಮೂಲೆಗೆ ಮುದುರಿಕಂಡು ಮಲಗ್ತಿದ್ವಿ. ಯಾರೂ ಯಾರನ್ನೂ ಬೈತಿರಲಿಲ್ಲ. ಯಾಕಂದ್ರೆ ಆ ಮನೆ ಕಟ್ಟಿದ್ದು ನಮ್ಮ ತಾತ, ಅವರಣ್ಣ ತಮ್ಮಂದಿರು, ಮುಯ್ಯಾಳಿಗೆ ಬಂದ ಊರಿನೋರು. ಇವತ್ತು ನಿನ್ನ ಮನೆ ಗೋಡೆ, ನಾಳೆ ನನ್ನ ಮನೆ ಗೋಡೆ. ಕೂಲಿ ಕೊಟ್ಟಿರಲಿಲ್ಲ, ಹಂಗಾಗಿ ಮುರ್ಕೊಳ್ಳೋಕೂ ಏನೂ ಇರಲಿಲ್ಲ.

ಬಾಗಿಲು ಕಿಟಕಿ ಮಾಡಿದ ಬಡಗಿ, ಮೊಳೆ ಚಿಲಕ ಮಾಡಿದ ಕಮ್ಮಾರ, ಇಬ್ಬರೂ ಆಯಗಾರರು. ಸುಗ್ಗೀಲಿ ಕಣದ ಹತ್ರ ಬಂದು ಅವರ ಪಾಲಿನ ರಾಗಿ, ಜೋಳ ತಗಂಡು ಹೋಗ್ತಿದ್ರು. ಒಂದೊಂದು ಕೆಲಸಕ್ಕೆ ಒಂದೊಂದು ರೇಟು ಅನ್ನೋದಿರಲಿಲ್ಲ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಮುಚ್ಚಲಿಲ್ಲ ಅಂದ್ರೆ ಬಡಗಿ ಬಂದು ಉಜ್ಜಿ ಸರಿ ಮಾಡಿ ಹೋಗೋರು. ಮುಂದಿನ ವರ್ಷ ಅದೇ ಕಣಕ್ಕೆ ಬರಬೇಕಲ್ಲ. ಹಳೇದೆಲ್ಲಾ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಬೆಳೆ ಕೈಕೊಟ್ಟ ವರ್ಷ ನಮಗೂ ಇರಲಿಲ್ಲ, ಆಯಗಾರರಿಗೂ ಇರಲಿಲ್ಲ. ನಮ್ಮ ಸೀಮೇಲಿ ಬೆಳೆ ಕೈಕೊಡದ ವರ್ಷಗಳೇ ಕಮ್ಮಿ. ಕೆಲಸ ಒಲ್ಲೆ ಅನ್ನೋ ಹಕ್ಕೂ ಅವರಿಗಿರಲಿಲ್ಲ.

ಸಿಮೆಂಟು ಬಂದ ಮೇಲೆ ಇದೆಲ್ಲಾ ಬದಲಾಯ್ತು. ನಮ್ಮ ಜಿಲ್ಲೆ ಅಮ್ಮಸಂದ್ರದಲ್ಲೇ ಸಿಮೆಂಟ್ ಫ್ಯಾಕ್ಟರಿ ಇದ್ರೂ ಆಗ ಬೇಕಂದಾಗ ಸಿಮೆಂಟು ಸಿಗ್ತಿರಲಿಲ್ಲ, ಪರ್ಮಿಟ್ ಬೇಕಿತ್ತು. ಸರ್ಕಾರ 1982ರ ಫೆಬ್ರವರಿಯಲ್ಲಿ ಅರ್ಧಂಬರ್ಧ ಸಡಿಲ ಮಾಡಿ, 1989ರ ಮಾರ್ಚಿನಲ್ಲಿ ಪೂರ್ತಿ ಬಿಟ್ಟುಬಿಡ್ತು. ಆಮೇಲೆ ನೋಡಿ, ಹಳ್ಳಿ ಹಳ್ಳೀಲೂ ಮಾಳಿಗೆ ಕೆಡವಿ ಮೋಲ್ಡ್ ಹಾಕೋರೇ. ಮೋಲ್ಡ್ ಹಾಕೋದು ಮುಯ್ಯಾಳಿನ ಕೆಲಸ ಅಲ್ಲ. ಕಂಬಿ ಕಟ್ಟೋರು ಬೇಕು, ಸೆಂಟ್ರಿಂಗಿನೋರು ಬೇಕು, ಇವರನ್ನೆಲ್ಲಾ ಕರ್ಕಂಡು ಬರೋಕೆ ಒಬ್ಬ ಮೇಸ್ತ್ರಿ ಬೇಕು. ಮೇಸ್ತ್ರಿ ಬಂದ ಮೇಲೆ ಚದರಕ್ಕೆ ಇಷ್ಟು ಅಂತ ಮಾತು ಬಂತು, ಕಂತು ಬಂತು, ಕೊನೇ ಕಂತಿನ ಜಗಳಾನೂ ಬಂತು.

ನಮ್ಮ ಮಾವನೋರು ಶಿರಾದ ಹಳೇ ಮನೆ ಕಟ್ಟಿಸಿದ್ದು 1974ರಲ್ಲಿ. ಅವರ ಲೆಕ್ಕದ ಪುಸ್ತಕ ಇವತ್ತಿಗೂ ನಮ್ಮ ಬೀರುವಲ್ಲೈತೆ. ಮಸಿ ಪೆನ್ನಿನಲ್ಲಿ ಬರೆದಿದ್ದು, ಅಂಚು ಗೆದ್ದಲು ತಿಂದೈತೆ. ಅದರಲ್ಲಿ ಒಂದು ಪುಟದ ಕೊನೇಲಿ ಹಿಂಗೈತೆ: ಮೇಸ್ತ್ರಿ ಬಾಬ್ತು 640. ಹಿತ್ತಲ ಗೋಡೆ ವಾರೆ, ತೆಗೆದು ಕಟ್ಟಲು ಬೇರೆ ಆಳು, ಮುರಿದುಕೊಂಡಿದ್ದು 15. ಕೊಟ್ಟಿದ್ದು 625. ಪಂಚೆ ಬೇರೆ.

ಇಷ್ಟೇ. ಈ ಸಾಲನ್ನ ನಾನು ಬೀರು ಒರೆಸುವಾಗೆಲ್ಲಾ ನೋಡಿದ್ದೆ. ಅದರ ಬೆಲೆ ಗೊತ್ತಾಗಿದ್ದು ನಮ್ಮ ತಲೆ ಮೇಲೆ ನೀರು ತೊಟ್ಟಿಕ್ಕಿದ ಮೇಲೆ.

ನಾವು ಹೊಸ ಮನೆಗೆ ಪಾಯ ತೆಗೆಸಿದ್ದು 2016ರ ನವೆಂಬರಿನಲ್ಲಿ. 12 ಚದರದ ಮನೆ. ಸಾಮಾನು ನಮ್ಮದು, ಕೆಲಸ ಮೇಸ್ತ್ರಿದು, ಚದರಕ್ಕೆ 22,000. ಒಟ್ಟು 2,64,000. ಎಲ್ಲಾ ಬಾಯಿ ಮಾತು. ಕಟ್ಟೆ ಮೇಲೆ ಕೂತು ಕಾಫಿ ಕುಡಿದು, ಎಲೆ ಅಡಿಕೆ ಮೇಲೆ 5,001 ಮುಂಗಡ ಇಟ್ಟು ಮುಗಿಸಿದ್ವಿ. ಕಾಗದ ಪತ್ರ ಏನೂ ಇಲ್ಲ.

ಪಾಯ ತೆಗೆದ ವಾರವೇ, 8ನೇ ತಾರೀಖು ರಾತ್ರಿ, 500, 1000ದ ನೋಟು ರದ್ದಾಯ್ತು. ಬ್ಯಾಂಕಲ್ಲಿ ನಮ್ಮ ದುಡ್ಡು ಇದ್ರೂ ಕೈಗೆ ಬರ್ತಿರಲಿಲ್ಲ. ಮೇಸ್ತ್ರಿ ಕೆಲಸ ನಿಲ್ಲಿಸಲಿಲ್ಲ. ಅವನ ಆಳುಗಳಿಗೆ ಅವನೇ ಎಲ್ಲೆಲ್ಲೋ ಸಾಲ ತಂದು ವಾರದ ಬಟವಾಡೆ ಮಾಡಿದ. ನಾವು ಹಂಗೂ ಹಿಂಗೂ ಡಿಸೆಂಬರ್ ಕೊನೇಗೆ ತೀರಿಸಿದ್ವಿ. ಈ ವಿಷಯ ನೆನಪಿಟ್ಟುಕೊಳ್ಳಿ, ನಾವು ಮರೆತಿದ್ವಿ.

ಮೋಲ್ಡ್ ಹಾಕಿದ್ದು 2017ರ ಮಾರ್ಚಿನಲ್ಲಿ, ಶಿವರಾತ್ರಿ ಕಳೆದ ಮೇಲೆ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ನಮ್ಮ ಬೀದಿ ಬೋರ್‌ವೆಲ್ಲು ಬರಿ ಗಾಳಿ ಉಗೀತಿತ್ತು. ಜೇಷ್ಠ ಮಾಸದಲ್ಲಿ ಗೃಹಪ್ರವೇಶ ಮಾಡಿದ್ವಿ. ಮೇಸ್ತ್ರಿಗೆ ಪಂಚೆ ಶಲ್ಯ ಕೊಟ್ಟು, ಹಾರ ಹಾಕಿ, ಊಟದ ಪಂಕ್ತೀಲಿ ಮುಂದೆ ಕೂರಿಸಿ ಬಡಿಸಿದ್ವಿ. ಅಷ್ಟೊತ್ತಿಗೆ 2,24,000 ಕೊಟ್ಟಿದ್ವಿ. ಉಳಿದ 40,000 ಒಂದು ಮಳೆಗಾಲ ನೋಡಿ ಕೊಡ್ತೀವಿ ಅಂದ್ರು ನಮ್ಮ ಮನೆಯವ್ರು. "ಆಯ್ತು ಬಿಡಿ ಅಣ್ಣ" ಅಂದ ಮೇಸ್ತ್ರಿ.

ಹಸ್ತ ಮಳೇಲಿ ನಡುಮನೆ ಸೋರ್ತು. ಹೊಸಾ ಮನೆ, ಹೊಸಾ ಬಣ್ಣ, ನಡುವೆ ಬಕೇಟು. ನನಗೆ ಅವ್ವನ ಮಾಳಿಗೆ ಮನೆ ನೆನಪಾಗಿ ಅಳುನೇ ಬಂತು. ಮೇಸ್ತ್ರಿ ಬಂದು ನೋಡಿದ. "ಅಕ್ಕ, ನಾನು ಅವತ್ತೇ ಹೇಳಿದ್ದೆ, ನೀರು ನಿಲ್ಲಿಸಿ ಅಂತ" ಅಂದ. ನಮ್ಮ ಮನೆಯವ್ರಿಗೆ ಸಿಟ್ಟು ಬಂತು. ಬೀದಿ ಬಾಗಿಲಲ್ಲಿ ನಿಂತು ಮಾತಿಗೆ ಮಾತು ಬೆಳೀತು. "ಸಿಮೆಂಟು ಕದ್ದಿರ್ತೀಯ" ಅನ್ನೋ ಮಾತು ನಮ್ಮ ಕಡೆಯಿಂದ ಹೋಯ್ತು. ಆಡಿದ್ದು ಯಾರು ಅಂತ ಬರೆಯಾಕೆ ನನಗೆ ನಾಚಿಕೆ, ಆದ್ರೂ ಬರೀತೀನಿ, ನಾನೇ ಆಡಿದ್ದು. ಐದು ತಿಂಗಳ ಹಿಂದೆ ಹಾರ ಹಾಕಿದ ಕೊರಳಿಗೆ ಕಳ್ಳ ಅನ್ನೋ ಹೆಸರು ಕಟ್ಟಿದ್ವಿ. ಅವನು ಮಾತಾಡದೆ ಹೋದ. 40,000 ಕೊಡಲ್ಲ ಅಂತ ನಾವು ಗಟ್ಟಿ ಮಾಡ್ಕಂಡ್ವಿ.

ಬೇರೆ ಒಬ್ಬರನ್ನ ಕರೆಸಿ ತೋರಿಸಿದ್ವಿ. ಮೇಲೆ ಇಳಿಜಾರು ಸರಿ ಮಾಡಿ, ಬಿರುಕು ಮುಚ್ಚಿ, ನೀರು ಇಂಗದಂಗೆ ಮಾಡಾಕೆ 18,000 ಆಗುತ್ತೆ ಅಂದ್ರು. ಸಾಮಾನಿಗೆ 11,000, ಕೂಲಿಗೆ 7,000. ಅವತ್ತೇ ನನಗೆ ಮನಸ್ಸಲ್ಲಿ ಒಂದು ಮುಳ್ಳು ಚುಚ್ಚಿತು. ಸರಿ ಮಾಡಾಕೆ 18,000, ನಾವು ಹಿಡಕಂಡಿರೋದು 40,000. ಮಿಕ್ಕ 22,000 ಯಾವ ಲೆಕ್ಕ?

ನಮ್ಮ ಬೀದೀಲಿ ವಯಸ್ಸಾದ ಒಬ್ಬ ವಕೀಲರವ್ರೆ. ಅವರ ಹೆಂಡತಿ ಹತ್ರ ಹೂವಿನ ಗಿಡ ಈಸ್ಕಂಬರಾಕೆ ಹೋದಾಗ ಈ ಮಾತು ತೆಗೆದೆ. ಅವರು ನಗ್ತಾ ಒಳಗೆ ಹೋಗಿ 1872ರ ಕರಾರು ಕಾಯ್ದೆ ಪುಸ್ತಕ ತಂದ್ರು. ಅದರಲ್ಲಿ ಒಂದೊಂದು ಕಲಮಿನ ಕೆಳಗೆ ಉದಾಹರಣೆ ಕೊಟ್ಟವ್ರೆ, ನಮ್ಮ ಶಾಲೆ ಪುಸ್ತಕದಲ್ಲಿ ಇರೋ ಹಂಗೆ. 73ನೇ ಕಲಮಿನ ಕೆಳಗೆ ನಮ್ಮ ಮನೆ ಕಥೇನೇ ಐತೆ. ಒಬ್ಬ ಇನ್ನೊಬ್ಬನ ಮನೆ ರಿಪೇರಿಗೆ ಒಪ್ಪಿ ಮುಂಚೇನೇ ದುಡ್ಡು ಈಸ್ಕಂಡ, ರಿಪೇರಿ ಮಾಡಿದ, ಆದ್ರೆ ಒಪ್ಪಿದ ಹಂಗೆ ಮಾಡಲಿಲ್ಲ. ಆಗ ಮನೆಯವನಿಗೆ ಬರಬೇಕಾದ್ದು ಎಷ್ಟು? ಆ ಕೆಲಸವನ್ನ ಒಪ್ಪಿದ ಹಂಗೆ ಸರಿ ಮಾಡಾಕೆ ಆಗೋ ಖರ್ಚು. ಅದೇ ಕಲಮಲ್ಲಿ ಇನ್ನೊಂದು ಉದಾಹರಣೆ. ಕಟ್ಟಿದ ಮನೆ ಎಷ್ಟು ಕೆಟ್ಟದಾಗಿತ್ತು ಅಂದ್ರೆ ಒಪ್ಪಿಸೋಕೆ ಮುಂಚೇನೇ ಬಿದ್ದೋಯ್ತು. ಬಾಡಿಗೆಗೆ ಬರೋರು ಇವರೆ ಅಂತ ಮೇಸ್ತ್ರಿಗೆ ಮೊದಲೇ ಗೊತ್ತಿತ್ತು. ಆಗ ಮತ್ತೆ ಕಟ್ಟೋ ಖರ್ಚು, ಕಳಕೊಂಡ ಬಾಡಿಗೆ, ಬಾಡಿಗೆಯವನಿಗೆ ಕೊಟ್ಟ ಪರಿಹಾರ ಎಲ್ಲಾ ಮೇಸ್ತ್ರಿ ತಲೆ ಮೇಲೆ.

"ನೋಡಮ್ಮ, ನಷ್ಟ ಎಷ್ಟೋ ಅಷ್ಟು. ಸಿಟ್ಟು ಎಷ್ಟೋ ಅಷ್ಟಲ್ಲ" ಅಂದ್ರು ವಕೀಲರು.

ಆ ಮಾತು ನನ್ನ ತಲೇಲಿ ಕೂತುಬಿಡ್ತು. ಮಗನಿಗೆ ಹೇಳಿ ಒಂದಷ್ಟು ಪುಸ್ತಕ ತರಿಸ್ಕಂಡೆ, ಲೈಬ್ರರಿಗೂ ಹೋದೆ. ಜನ ಯಾವಾಗಿನಿಂದ ಈ ಜಗಳ ಆಡ್ತಾವ್ರೆ ಅಂತ ನೋಡಬೇಕಿತ್ತು.

ಸುಮಾರು 3,700 ವರ್ಷದಿಂದ ಆಡ್ತಾವ್ರೆ. ಇವತ್ತಿನ ಇರಾಕಿನ ಕಡೆ ಬ್ಯಾಬಿಲಾನ್ ಅಂತ ರಾಜ್ಯ ಇತ್ತಲ್ಲ, ಅಲ್ಲಿನ ದೊರೆ ಹಮ್ಮುರಾಬಿ ಕಾನೂನುಗಳನ್ನ ಒಂದು ಕರೀ ಕಲ್ಲಿನ ಮೇಲೆ ಕೆತ್ತಿಸಿದ್ದ. ಆ ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲೈತೆ. ಅದರಲ್ಲಿ 228ರಿಂದ 233ರ ತನಕ ಮನೆ ಕಟ್ಟೋರ ಕಾನೂನು. ಮೊದಲನೇದೇ ರೇಟು! ಒಂದು ಸಾರ್ ಮನೆಗೆ 2 ಶೆಕೆಲ್ ಬೆಳ್ಳಿ. ಒಂದು ಸಾರ್ ಅಂದ್ರೆ ಸುಮಾರು 36 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ನಾಲ್ಕು ಚದರಕ್ಕೆ ಹತ್ರ. ಚದರಕ್ಕಿಷ್ಟು ಅನ್ನೋದು ನಮ್ಮ ಮೇಸ್ತ್ರಿ ಕಂಡುಹಿಡಿದಿದ್ದಲ್ಲ ಅಂತ ಗೊತ್ತಾಗಿ ನಗು ಬಂತು. ಆಮೇಲಿನ ಕಾನೂನು ಓದಿ ನಗು ನಿಲ್ತು. ಮನೆ ಬಿದ್ದು ಯಜಮಾನ ಸತ್ರೆ ಕಟ್ಟಿದವನನ್ನ ಸಾಯಿಸಬೇಕು. ಯಜಮಾನನ ಮಗ ಸತ್ರೆ ಕಟ್ಟಿದವನ ಮಗನನ್ನ ಸಾಯಿಸಬೇಕು. ಆದ್ರೆ ಕೊನೇದು ಇವತ್ತಿಗೂ ಒಪ್ಪೋ ಹಂಗೈತೆ. ಗೋಡೆ ವಾಲಿದ್ರೆ ಕಟ್ಟಿದವನು ತನ್ನ ದುಡ್ಡಲ್ಲೇ ಅದನ್ನ ಗಟ್ಟಿ ಮಾಡಿಕೊಡಬೇಕು.

ನಮ್ಮ ದೇಶದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ. ಈ ಪುಸ್ತಕ ಕಳೆದೇಹೋಗಿದೆ ಅಂತ ಎಲ್ಲಾ ಅಂದ್ಕಂಡಿದ್ದಾಗ 1905ರಲ್ಲಿ ಅದರ ತಾಳೆಗರಿ ಸಿಕ್ಕಿದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರೀಲಿ, ಆರ್. ಶಾಮಾಶಾಸ್ತ್ರಿಗಳ ಕೈಗೆ. 1909ರಲ್ಲಿ ಅಚ್ಚಾಯ್ತು, 1915ರಲ್ಲಿ ಇಂಗ್ಲಿಷಿಗೆ ಬಂತು. ಅದರಲ್ಲಿ ಕುಶಲಕರ್ಮಿಗಳ ಬಗ್ಗೆ ಒಂದು ಅಧ್ಯಾಯವೇ ಐತೆ. ಹೇಳಿದ ಕಾಲಕ್ಕೆ ಕೆಲಸ ಮುಗಿಸದಿದ್ರೆ ಕೂಲೀಲಿ ಕಾಲು ಭಾಗ ಕಡಿತ, ಅದರ ಎರಡರಷ್ಟು ದಂಡ. ಹೇಳಿದ್ದೇ ಒಂದು ಮಾಡಿದ್ದೇ ಒಂದು ಅಂದ್ರೆ ಕೂಲಿ ಪೂರ್ತಿ ಹೋಯ್ತು, ಮೇಲೆ ಕೂಲಿಯ ಎರಡರಷ್ಟು ದಂಡ. ಆಪತ್ತು ಬಂದು ತಡ ಆದ್ರೆ ಮಾಫಿ. ಇದನ್ನ ಓದಿದಾಗ ನಮ್ಮ ಮನೆಯವ್ರಿಗೆ ಖುಷಿ. "ನೋಡು, ಚಾಣಕ್ಯನೂ ಕೊಡಬ್ಯಾಡ ಅಂತಾನೆ" ಅಂದ್ರು. ಇನ್ನೊಂದು ಪುಟ ತಿರುವಿ ತೋರಿಸಿದೆ. ಕೂಲಿ ಕೊಡದೆ ಹೋದ ಯಜಮಾನನಿಗೂ ಅಲ್ಲಿ ದಂಡ ಐತೆ. ಕೂಲಿಯ ಹತ್ತರಲ್ಲೊಂದು ಭಾಗ, ಇಲ್ಲವೇ ಆರು ಪಣ. ಕೂಲಿ ಬಾಕೀನೇ ಇಲ್ಲ ಅಂತ ಸುಳ್ಳು ಹೇಳಿದ್ರೆ ದಂಡ ಇನ್ನೂ ಜಾಸ್ತಿ. ಅವರು ಪೇಪರ್ ಎತ್ಕಂಡು ಹೊರಗೆ ಹೋದ್ರು.

ಇಂಗ್ಲೆಂಡಿನಲ್ಲಿ ಈ ಜಗಳ ಇನ್ನೊಂದು ಥರ ನಡೀತು. ಅಲ್ಲಿನ ಕೋರ್ಟುಗಳು ಪೂರ್ತಿ ಮುಗಿಸಿದ್ರೆ ಪೂರ್ತಿ ದುಡ್ಡು, ಇಲ್ದಿದ್ರೆ ಇಲ್ಲ ಅಂತಿದ್ವು. 1898ರ ಒಂದು ಕೇಸಲ್ಲಿ ಹೆಡ್ಜಸ್ ಅನ್ನೋನ ಜಾಗದಲ್ಲಿ ಸಂಪ್ಟರ್ ಅನ್ನೋ ಮೇಸ್ತ್ರಿ 565 ಪೌಂಡಿಗೆ ಎರಡು ಮನೆ, ಕುದುರೆ ಲಾಯ ಕಟ್ಟಾಕೆ ಒಪ್ಪಿದ್ದ. 333 ಪೌಂಡಿನಷ್ಟು ಕೆಲಸ ಆಗೋ ಹೊತ್ತಿಗೆ ಕೈಲಿ ಕಾಸಿಲ್ಲದೆ ನಿಲ್ಲಿಸಿದ. ಮಾಡಿದ ಕೆಲಸದ ಬಾಕಿ ದುಡ್ಡು ಅವನಿಗೆ ಸಿಗಲಿಲ್ಲ. ಬಿಟ್ಟುಹೋಗಿದ್ದ ಸಾಮಾನನ್ನ ಹೆಡ್ಜಸ್ ಬಳಸ್ಕಂಡಿದ್ದಕ್ಕೆ ಮಾತ್ರ ಸಿಕ್ತು. ನಂಗೆ ಇದು ಅನ್ಯಾಯ ಅನ್ನಿಸ್ತು. ಗೋಡೆ ಹೆಡ್ಜಸ್‌ಗೆ ಉಳೀತಲ್ಲ!

1916ರಲ್ಲಿ ಡೇಕಿನ್ ಕಂಪನಿ ಕೇಸು ಬಂತು. ಮನೆ ರಿಪೇರಿಲಿ ನಾಲ್ಕು ಅಡಿ ಕಾಂಕ್ರೀಟ್ ಹಾಕಬೇಕಾದ ಕಡೆ ಎರಡೇ ಅಡಿ ಹಾಕಿದ್ರು, ಐದು ಇಂಚಿನ ಕಂಬದ ಬದಲು ನಾಲ್ಕು ಇಂಚಿಂದು ನಿಲ್ಲಿಸಿದ್ರು. ಮನೆ ಯಜಮಾನಿ ಏನೂ ಕೊಡಲ್ಲ ಅಂದ್ಲು. ಕೋರ್ಟು, ಕೆಲಸ ಮುಗಿದಿದೆ, ಕೆಟ್ಟದಾಗಿ ಮುಗಿದಿದೆ ಅಷ್ಟೇ, ಸರಿ ಮಾಡೋ ಖರ್ಚು ಕಳೆದು ಉಳಿದಿದ್ದು ಕೊಡು ಅಂತು. 1952ರಲ್ಲಿ ಹೋನಿಗ್ ಅನ್ನೋರ ಕೇಸಲ್ಲೂ ಹಂಗೇ. 750 ಪೌಂಡಿನ ಒಳಾಂಗಣ ಕೆಲಸ, ಬೀರು ಬಾಗಿಲು ಸರಿ ಇಲ್ಲ, ಪುಸ್ತಕದ ಶೆಲ್ಫು ಗಿಡ್ಡ. ಸರಿ ಮಾಡಾಕೆ ಬೇಕಾದ್ದು 56 ಪೌಂಡಿಗೂ ಕಮ್ಮಿ. ಅಷ್ಟು ಕಳೆದು ಉಳಿದಿದ್ದೆಲ್ಲಾ ಕೊಡಬೇಕಾಯ್ತು.

ಹಂಗಂತ ಯಾವಾಗಲೂ ಮೇಸ್ತ್ರಿ ಕಡೆಗೇ ಆಯ್ತು ಅಂತಲ್ಲ. 1972ರ ಕೇಸಲ್ಲಿ ಬೋಲ್ಟನ್ ಅನ್ನೋನು ಮಹಾದೇವ ಅನ್ನೋರ ಮನೆಗೆ ಬಿಸಿ ಮಾಡೋ ಯಂತ್ರ ಕೂರಿಸಿದ್ದ. ಹೆಸರು ನೋಡಿ ನಮ್ಮ ಕಡೇರೇ ಅನ್ನಿಸಿಬಿಡ್ತು ನನಗೆ. ಒಪ್ಪಂದ 560 ಪೌಂಡು. ಮನೆ ಬಿಸಿ ಆಗಲಿಲ್ಲ, ಕೋಣೆ ತುಂಬ ಹೊಗೆ ವಾಸನೆ. ಸರಿ ಮಾಡಾಕೆ 174 ಪೌಂಡು ಬೇಕಿತ್ತು. ಕೋರ್ಟು ಒಂದು ಕಾಸೂ ಕೊಡಿಸಲಿಲ್ಲ. ಯಾಕಂದ್ರೆ ಯಾವುದಕ್ಕೋಸ್ಕರ ಕೂರಿಸಿದ್ರೋ ಅದೇ ಆಗಲಿಲ್ಲ. ಶೆಲ್ಫು ಗಿಡ್ಡ ಆದ್ರೂ ಮನೇಲಿ ಬಾಳಬಹುದು, ಚಳಿ ದೇಶದಲ್ಲಿ ಬಿಸಿ ಇಲ್ಲದೆ ಬಾಳೋಕಾಗಲ್ಲ.

ನಮ್ಮ ಕರಾರು ಕಾಯ್ದೆ 70ನೇ ಕಲಮು ಇನ್ನೊಂದು ಮಾತು ಹೇಳುತ್ತೆ. ಒಬ್ಬರು ಪುಕ್ಕಟೆ ಅಂತ ಅಲ್ಲದೆ ಕಾನೂನಿಗೆ ಒಪ್ಪೋ ಹಂಗೆ ನಿಮಗೆ ಕೆಲಸ ಮಾಡಿಕೊಟ್ಟು, ನೀವು ಅದರ ಅನುಕೂಲ ಅನುಭವಿಸಿದ್ರೆ ಅದಕ್ಕೆ ಪರಿಹಾರ ಕೊಡಬೇಕು. ಪಶ್ಚಿಮ ಬಂಗಾಳ ಸರ್ಕಾರಕ್ಕೆ ಬಿ.ಕೆ. ಮಂಡಲ್ ಕಂಪನಿ ಗೋದಾಮು, ಅಡುಗೆ ಕೋಣೆ ಎಲ್ಲಾ ಕಟ್ಟಿಕೊಟ್ಟಿತ್ತು. ಕ್ರಮವಾದ ಕರಾರು ಇಲ್ಲ, ಕೊಡಲ್ಲ ಅಂತು ಸರ್ಕಾರ. 1961ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಬಳಸ್ಕಂಡಿದ್ದೀರಲ್ಲ, ಕೊಡಿ ಅಂತು. ನಾವು ಸೋರೋ ಮನೇಲೇ ಆದ್ರೂ ನಾಲ್ಕು ತಿಂಗಳಿಂದ ಉಂಡು ಮಲಗ್ತಿದ್ವಲ್ಲ!

ನಮ್ಮಂತೋರು ದೂರು ಕೊಡಾಕೂ ದಾರಿ ಐತೆ. 1993ರಲ್ಲಿ ಸುಪ್ರೀಂ ಕೋರ್ಟು ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಕೇಸಲ್ಲಿ ಮನೆ ಕಟ್ಟಿಕೊಡೋದೂ ಒಂದು ಸೇವೆ, ಕಳಪೆ ಆದ್ರೆ ಗ್ರಾಹಕ ಕಾನೂನಿನಲ್ಲಿ ಕೇಳಬಹುದು ಅಂತು. ಈಗ 2019ರ ಹೊಸ ಕಾಯ್ದೇಲೂ ಅದೈತೆ. ನಮಗೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ದುಡ್ಡು 5 ಲಕ್ಷದ ತನಕ ಇದ್ರೆ ದೂರಿಗೆ ಶುಲ್ಕ ಇಲ್ಲ. ಬಿಲ್ಡರ್ ಹತ್ರ ಫ್ಲ್ಯಾಟ್ ತಗಂಡೋರಿಗೆ 2016ರ ರೇರಾ ಕಾಯ್ದೆ ಬೇರೆ. ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡ್ರೆ, ಹೇಳಿದ 30 ದಿನದೊಳಗೆ ಬಿಲ್ಡರ್ ಪುಕ್ಕಟೆ ಸರಿ ಮಾಡಿಕೊಡಬೇಕು. ನಮ್ಮ ಸ್ವಂತ ಸೈಟಲ್ಲಿ ಮೇಸ್ತ್ರಿ ಕೈಲಿ ಕಟ್ಟಿಸಿದ ಮನೆಗೆ ರೇರಾ ಬರಲ್ಲ.

ಇಷ್ಟೆಲ್ಲಾ ಓದಿದ ಮೇಲೂ ನಾವು ದುಡ್ಡು ಕೊಟ್ಟಿರಲಿಲ್ಲ. ಓದೋದು ಬೇರೆ, ಕೈ ಬಿಚ್ಚೋದು ಬೇರೆ.

2018ರ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಗೇಟ್ ಹತ್ರ ಒಬ್ಬ ಹೆಂಗಸು ನಿಂತಿದ್ಲು. ನಮ್ಮ ಮನೇಲೇ ಗಾರೆ ಹೊತ್ತೋಳು. ಪಾವಗಡದ ಕಡೆಯೋಳು, ಮನೆ ಮಾತು ತೆಲುಗು. ನನ್ನ ತವರಿನ ಕಡೆ ಅಂತ ಕೆಲಸದ ಟೈಮಲ್ಲಿ ನಾನು ಅವಳ ಜೊತೆ ತೆಲುಗಿನಲ್ಲಿ ಮಾತಾಡ್ತಿದ್ದೆ. "ಅಕ್ಕಯ್ಯ, ಮೇಸ್ತ್ರಿ ನಂಗೆ 6,000 ಬಾಕಿ ಕೊಡಬೇಕು. ಕೇಳಿದ್ರೆ ನಿಮ್ಮ ಮನೆ ದುಡ್ಡು ಬಂದಿಲ್ಲ ಅಂತಾನೆ. ನಿಮ್ಮನೆ ಸೋರಿದ್ದಕ್ಕೆ ನಾನೇನು ಮಾಡ್ದೆ?" ಅಂದ್ಲು.

ನನ್ನ ಹತ್ರ ಉತ್ತರ ಇರಲಿಲ್ಲ. ನಾನು ಓದಿದ ಕೇಸುಗಳಲ್ಲೆಲ್ಲಾ ಇಬ್ಬರೇ ಇದ್ರು, ಕಟ್ಟಿಸಿದೋರು ಮತ್ತೆ ಗುತ್ತಿಗೆ ಹಿಡಿದೋರು. ಇವಳು ಯಾವ ಪುಟದಲ್ಲೂ ಇರಲಿಲ್ಲ.

ನಮ್ಮೂರ ಇತಿಹಾಸಾನೂ ಹಂಗೇ ಐತೆ. ಶಿರಾ ಕೋಟೆ ಕಟ್ಟಿಸೋಕೆ ಶುರು ಮಾಡಿದ್ದು ರತ್ನಗಿರಿ ರಂಗಪ್ಪ ನಾಯಕ. ಮುಗಿಯೋಕೆ ಮುಂಚೆ ಬಿಜಾಪುರದ ರಣದುಲ್ಲಾ ಖಾನ್ ಊರು ಗೆದ್ದ. ಅರ್ಧಕ್ಕೆ ನಿಂತ ಕೆಲಸ ಮುಗಿಸಿದ್ದು ಬಿಜಾಪುರದ ಅಧಿಕಾರಿ ಮಲಿಕ್ ಹುಸೇನ್. 1687ರಲ್ಲಿ ಮೊಗಲರು ಬಂದ್ರು, 1696ರಲ್ಲಿ ಕಟ್ಟಿದ ಕಲ್ಲಿನ ಜುಮ್ಮಾ ಮಸೀದಿ ಇವತ್ತಿಗೂ ನಿಂತೈತೆ. ದಿಲಾವರ್ ಖಾನನ ಅರಮನೆ ನೋಡಿ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆ ಕಟ್ಟಿಸಿದ್ರು ಅಂತ ಗೆಜೆಟಿಯರಿನಲ್ಲಿ ಬರೆದವ್ರೆ. ಆ ಅರಮನೆ ಈಗ ಇಲ್ಲ. ಇವರೆಲ್ಲರ ಹೆಸರು ನಮ್ಮ ಬಾಯಲ್ಲೈತೆ. ಕಲ್ಲು ಹೊತ್ತೋರ ಹೆಸರು ಯಾರ ಬಾಯಲ್ಲೂ ಇಲ್ಲ. ನಾಯಕ ಹೋಗಿ ಖಾನ್ ಬಂದಾಗ ಹಳೇ ಬಾಕಿ ಯಾರು ತೀರಿಸಿದ್ರೋ ಅಂತ ಅವತ್ತು ಮೊದಲನೇ ಸಲ ನನಗೆ ಯೋಚನೆ ಬಂತು. ಪಟ್ಟದಕಲ್ಲಿನ ವಿರೂಪಾಕ್ಷ ದೇವಸ್ಥಾನ ಕಟ್ಟಿದ ಗುಂಡ ಅನ್ನೋ ಆಚಾರಿಗೆ ಚಾಲುಕ್ಯ ದೊರೆ ವಿಕ್ರಮಾದಿತ್ಯ ತ್ರಿಭುವನಾಚಾರಿ ಅಂತ ಬಿರುದು ಕೊಟ್ಟಿದ್ದು ಶಾಸನದಲ್ಲೈತೆ. ಅಂತಾ ಪುಣ್ಯ ಎಲ್ಲೋ ಒಬ್ಬರಿಗೆ. ನಾವು ಪಂಚೆ ಶಲ್ಯ ಕೊಡೋದೂ ಅದೇ ಮರ್ಯಾದೆಯ ಒಂದು ತುಣುಕು ಇರಬೇಕು.

ಆ ಹೆಂಗಸಿಗೆ ಕಾಫಿ ಕೊಟ್ಟು, ನನ್ನ ಡಬ್ಬಿಯಿಂದ 2,000 ಕೊಟ್ಟು ಕಳಿಸಿದೆ. ಸಂಜೆ ಮನೆಯವ್ರು ಬಂದಾಗ ಹೇಳಿದೆ. ಇಬ್ಬರೂ ಕೂತು ಒಂದು ಮಾತು ನಿಜವಾಗಿ ಒಪ್ಕಂಡ್ವಿ. ನೀರಿನ ಮಾತು.

ಮೋಲ್ಡ್ ಹಾಕಿದ ಮಾರನೇ ದಿನ ಮೇಸ್ತ್ರಿ ಪಾತಿ ಕಟ್ಟಿ, "ಅಕ್ಕ, ಹದಿನೈದು ದಿನ ನೀರು ನಿಂತಿರ್ಬೇಕು" ಅಂದಿದ್ದ. ನೀರು ನಮ್ಮದು ಅಂತ ಮೊದಲೇ ಮಾತಾಗಿತ್ತು. ಟ್ಯಾಂಕರಿಗೆ 600. ನಾಲ್ಕು ದಿನ ನಿಲ್ಲಿಸಿದ್ವಿ. ಆಮೇಲೆ ದುಡ್ಡು ಕರಗ್ತಾ ಹೋಯ್ತು ಅಂತ ಬೆಳಿಗ್ಗೆ ಸಂಜೆ ಬಿಂದಿಗೇಲಿ ಚಿಮುಕಿಸಿದ್ವಿ. ಮಾರ್ಚ್ ಬಿಸಿಲಿಗೆ ಅದು ಅರ್ಧ ಗಂಟೇಲಿ ಒಣಗೋದು. ಕಾಂಕ್ರೀಟಿನ ಸರ್ಕಾರಿ ಮಾನದಂಡ ಐ.ಎಸ್. 456 ನೋಡಿದ್ರೆ ಸಾಮಾನ್ಯ ಸಿಮೆಂಟಿಗೆ ಕಮ್ಮಿ ಅಂದ್ರೂ 7 ದಿನ, ಒಣ ಬಿಸಿಲಿನ ಕಡೆ 10 ದಿನ, ಬೂದಿ ಬೆರೆಸಿದ ಸಿಮೆಂಟಿಗೆ 14 ದಿನ ಬಿಡದೆ ಒದ್ದೆ ಇರಬೇಕು. ನಾವು ಹಾಕಿಸಿದ್ದು ಬೂದಿ ಬೆರೆಸಿದ ಸಿಮೆಂಟೇ, ಚೀಲದ ಮೇಲೆ ಬರೆದಿತ್ತು. ಸಿಮೆಂಟು ಗಟ್ಟಿಯಾಗೋದು ಒಣಗಿ ಅಲ್ಲ, ನೀರು ಕುಡಿದು. ನೀರು ಸಾಲದಿದ್ರೆ ಬಿರುಕು ಬಿಡುತ್ತೆ. ಹಂಗಂತ ತಪ್ಪೆಲ್ಲಾ ನಮ್ಮದೇ ಅಲ್ಲ. ಇಳಿಜಾರು ಸರಿ ಇರಲಿಲ್ಲ, ನೀರು ನಡುಮನೆ ಮೇಲೇ ನಿಲ್ತಿತ್ತು. ಅದು ಮೇಸ್ತ್ರಿದು.

ಮಾರನೇ ದಿನ ನಮ್ಮ ಮನೆಯವ್ರು ಮೇಸ್ತ್ರಿಗೆ ಫೋನ್ ಮಾಡಿದ್ರು. ಅವನು ಎತ್ತಲಿಲ್ಲ. ನಾನು ಮಾಡಿದೆ. "ಮೇಸ್ತ್ರಿ, ಅವತ್ತು ನಾನು ಆಡಿದ ಮಾತು ತಪ್ಪು. ಮನೆಗೆ ಬನ್ನಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಬರ್ತೀನಕ್ಕ" ಅಂದ.

ಬಂದ. ಮಾವನೋರ ಲೆಕ್ಕದ ಪುಸ್ತಕ ಮುಂದಿಟ್ಟು ಕೂತ್ವಿ. ಸಾಮಾನಿನ 11,000 ನಮ್ಮದು, ಕೂಲಿ 7,000 ಅವನದು, ಅಂದ್ರೆ ಅವನೇ ತನ್ನ ಆಳು ಹಾಕಿ ಸರಿ ಮಾಡಿಕೊಡಬೇಕು. ಕೆಲಸ ಮುಗಿದ ದಿನ 40,000 ಪೂರ್ತಿ ಕೊಡಬೇಕು. ಅದರಲ್ಲಿ 20,000 ಅವತ್ತೇ ಕೊಟ್ವಿ, ಆಳುಗಳ ಬಾಕಿ ಮೊದಲು ತೀರಿಸಬೇಕು ಅನ್ನೋ ಮಾತಿನ ಮೇಲೆ. ಈ ಸಲ ಬರೆದ್ವಿ. ಅವನೂ ರುಜು ಹಾಕಿದ, ನಮ್ಮ ಮನೆಯವ್ರೂ ಹಾಕಿದ್ರು. ನಾಲ್ಕು ದಿನದ ಕೆಲಸ. ಇಪ್ಪತ್ತು ದಿನ ನೀರು ನಾನೇ ನಿಂತು ನಿಲ್ಲಿಸಿದೆ. ಉಳಿದ 20,000 ಕೆಲಸ ಮುಗಿದ ಸಂಜೆ ಕೊಟ್ವಿ.

ಆ ಹೆಂಗಸಿಗೆ 6,000 ಸಿಕ್ತು ಅಂತ ಆಮೇಲೆ ಗೊತ್ತಾಯ್ತು. ನನ್ನ 2,000 ವಾಪಸ್ ತಂದ್ಲು. ಇಟ್ಕೋ ಅಂದೆ, ಇಟ್ಕಳಲಿಲ್ಲ. ಮೇಸ್ತ್ರಿ ಈಗ ದಾರೀಲಿ ಸಿಕ್ರೆ ನಿಂತು ಮಾತಾಡ್ತಾನೆ. ಆದ್ರೆ ಮುಂಚಿನಂಗೆ ಒಳಗೆ ಬಂದು ಕಾಫಿ ಕುಡಿಯಲ್ಲ. ಅದು ನನ್ನ ಮಾತಿನ ಬಿರುಕು, ಅದಕ್ಕೆ ಹಾಕೋ ಸಿಮೆಂಟು ಸಿಕ್ಕಿಲ್ಲ.

ನಾದಿನಿಗೆ ನಾನು ಹೇಳಿದ್ದು ಇಷ್ಟು. ಮೇಸ್ತ್ರೀನ ಕರೆಸಿ ಎದುರಿಗೇ ತಪ್ಪುಗಳ ಪಟ್ಟಿ ಬರಿ. ಅದರಲ್ಲಿ ಯಾವುದು ಮೇಸ್ತ್ರಿದು, ಯಾವುದು ನೀವು ಅವಸರ ಮಾಡಿಸಿ ಕೆಡಿಸಿದ್ದು ಅಂತ ಬೇರೆ ಮಾಡು. ಸರಿ ಮಾಡಾಕೆ ಮೊದಲು ಅವರಿಗೇ ಅವಕಾಶ ಕೊಡು. ಮಾಡದಿದ್ರೆ ಬೇರೆಯೋರ ಹತ್ರ ಖರ್ಚು ಎಷ್ಟು ಅಂತ ಬರೆಸ್ಕೊ, ಅಷ್ಟು ಮಾತ್ರ ಮುರ್ಕೊ, ಉಳಿದಿದ್ದು ಕೊಟ್ಟುಬಿಡು. ಬಚ್ಚಲ ನೀರು ಹರಿಯದೇ ಇರೋದು ಸರಿ ಮಾಡಿಸಲೇಬೇಕು. ಟೈಲ್ಸು ಒಂದು ಸಾಲು ವಾರೆ ಇರೋದಕ್ಕೆ ಪೂರ್ತಿ ಕಂತು ಹಿಡಿಯೋದು ನ್ಯಾಯ ಅಲ್ಲ. ದುಡ್ಡು ಕೊಟ್ಟಾಗೆಲ್ಲಾ ತಾರೀಖು ಹಾಕಿ ರುಜು ತಗೊ.

ಹಂತ ಹಂತವಾಗಿ ಕೊಡೋದು ಒಳ್ಳೇದು. ನಮ್ಮ ಹಳ್ಳೀಲಿ ಸರ್ಕಾರದ ವಸತಿ ಯೋಜನೆ ಮನೆಗಳಿಗೂ ಹಂಗೇ ಕೊಡ್ತಾರೆ. ಪಾಯ, ಲಿಂಟಲ್, ಚಾವಣಿ, ಆಮೇಲೆ ಪೂರ್ತಿ ಆದ್ಮೇಲೆ. ಒಂದೊಂದು ಹಂತಕ್ಕೂ ಫೋಟೋ ತೆಗೆದು, ಆಮೇಲೆ ದುಡ್ಡು. ಕೊನೇಗೆ ಸ್ವಲ್ಪ ಹಿಡಿದಿಡಿ, ಒಂದು ಮಳೆಗಾಲ ನೋಡಿ. ಆದ್ರೆ ಎಷ್ಟು ಹಿಡೀತೀವಿ, ಯಾವಾಗ ಕೊಡ್ತೀವಿ, ನೀರು ಯಾರದು ಅನ್ನೋದು ಪಾಯ ತೆಗೆಯೋಕೆ ಮುಂಚೆ ಕಾಗದದ ಮೇಲಿರಲಿ. ಆಳುಗಳ ಕೂಲಿ ಆ ಹಿಡಿದ ದುಡ್ಡಿನಲ್ಲಿ ಸಿಕ್ಕಾಕಿಕೊಳ್ಳಬಾರದು, ಅದನ್ನೂ ಮೇಸ್ತ್ರಿ ಹತ್ರ ಕೇಳಿ ತಿಳ್ಕೊಳ್ಳಿ.

"ಅತ್ತಿಗೆ, ಅವರು ಕೇಳಬೇಕಲ್ಲ" ಅಂದ್ಲು ನಾದಿನಿ, ಗಂಡನ ಬಗ್ಗೆ. ಮಾವನೋರ ಪುಸ್ತಕದ ಆ ಪುಟದ ಫೋಟೋ ಅವಳ ವಾಟ್ಸಾಪಿಗೆ ಕಳಿಸಿದೀನಿ. ಬಾಬ್ತು 640, ಮುರಿದುಕೊಂಡಿದ್ದು 15, ಕೊಟ್ಟಿದ್ದು 625, ಪಂಚೆ ಬೇರೆ. ಅವಳ ಅಪ್ಪನ ಕೈ ಬರಹ. ಅದನ್ನ ತೋರಿಸಿದ್ರೆ ಅಳಿಯಂದಿರು ಕೇಳಬಹುದು.